ಮುಟ್ಟಿದ್ದೆಲ್ಲ ಮತ್ತೆ ಕಟ್ಟುವುದು

ಮೂಡಲಗಿ
೧೨ ಫೆಬ್ರುವರಿ ೨೦೦೫

ಸುವರ್ಣಕ್ಕನವರಿಗೆ ಜಯ ಜಿನೇಂದ್ರ.

ನೀವು ಕಳಿಸಿದ ಸಿಡಿ, ನಿಮ್ಮ ಕನ್ನಡ ಲಿನಕ್ಸ್ 'ಘಟಪ್ರಭಾ', ಮುಟ್ಟಿತು. ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಅಂಗಡಿ ಇಟ್ಟಿರುವ ರಾಜಪ್ಪನವರು ಅದನ್ನು ಕರದಂಟಿನ ಖಾಲಿ ಡಬ್ಬಿಯಲ್ಲಿಟ್ಟು ನಮ್ಮೂರ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದರು. ಡಬ್ಬಿ ಪೂರ್ತಿ ಖಾಲಿಯಾಗಿರಲಿಲ್ಲ. ಸಿಡಿಗೆ ತುಪ್ಪ ಅಂಟಿತ್ತು. ನನ್ನ ಅಣ್ಣ ಯಶ ಅದನ್ನು ಬೆಳಕಿಗೆ ಹಿಡಿದು, "ಇದನ್ನ ಡ್ರೈವಿಗೆ ಹಾಕಬೇಕೋ ಬಾಯಿಗೆ ಹಾಕ್ಕೋಬೇಕೋ" ಎಂದ. ಕಡಲೆ ಹಿಟ್ಟು ಹಚ್ಚಿ ಒರೆಸಿದೆ. ಓಡಿತು.

ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ಜನವರಿಯಲ್ಲಿ ನೀವು ಗೋಕಾಕದಲ್ಲಿ ಎರಡು ದಿನದ ಲಿನಕ್ಸ್ ಶಿಬಿರ ನಡೆಸಿದಾಗ ಕಿಟಕಿಯ ಬಾಜೂ, ಕಡೆಯ ಬೆಂಚಿನಲ್ಲಿ ಕುಳಿತು ಒಂದೂ ಪ್ರಶ್ನೆ ಕೇಳದವಳು. ಕನ್ನಡ ಎಂ.ಎ. ಮುಗಿಸಿದ್ದೇನೆ. ಯಶನ ಕಂಪ್ಯೂಟರ್ ಕ್ಲಾಸಿನಲ್ಲಿ ಮಧ್ಯಾಹ್ನದ ಹೊತ್ತು ಮಶೀನುಗಳನ್ನು ನೋಡಿಕೊಳ್ಳುತ್ತೇನೆ. ಕಲಿಸುವವರೆಲ್ಲ ನಿಂತು, ಓಡಾಡಿ, ಕೈ ಬೀಸಿ ಮಾತಾಡುವುದನ್ನು ನೋಡಿದ್ದೆ. ನೀವು ಎರಡೂ ದಿನ ಶಾಲು ಹೊದ್ದು ಕುರ್ಚಿಯಲ್ಲಿ ಕೂತೇ ಎಲ್ಲ ಹೇಳಿದಿರಿ. ಒಳಗೆ ಎಷ್ಟು ಧೈರ್ಯವಿದ್ದರೆ ಹೀಗೆ ಕೂತು ಮಾತಾಡಬಹುದು ಎಂದುಕೊಂಡೆ.

"ನಾವು ಪ್ರೋಗ್ರಾಮ್ ಬರಿಯೋರಲ್ಲ. ಯಾರೋ ಬರದಿದ್ದನ್ನ ನಮ್ಮ ಘಟಪ್ರಭಾ ಸಿಡಿ ಮ್ಯಾಲೆ ನೆಟ್ಟಗ ಓಡೂ ಹಂಗ ಕಟ್ಟಿ, ಡಬ್ಬಿ ಮಾಡಿ ಕೊಡೋರು" ಎಂದು ನೀವು ಹೇಳಿದ್ದು ನನಗೆ ಬಹಳ ಹಿಡಿಸಿತು. ಎಂ.ಎ.ಯಲ್ಲಿ ನನಗೆ ಇಷ್ಟವಾದ ವಿಷಯ ಗ್ರಂಥ ಸಂಪಾದನೆ. ಅದೂ ಹೀಗೆಯೇ. ಬರೆದವರು ಬೇರೆ. ಓದುವವರ ಕೈಗೆ ಸರಿಯಾಗಿ ಮುಟ್ಟಿಸುವವರ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ.

ಸಿಡಿಯ ಜೊತೆಗಿನ ಚೀಟಿಯಲ್ಲಿ ಅಂಥ ಕೆಲವು ಡಬ್ಬಿಗಳನ್ನು, ಅಂದರೆ ಪ್ಯಾಕೇಜುಗಳನ್ನು, ನನಗೆ ವಹಿಸುತ್ತೇನೆ ಎಂದಿದ್ದೀರಿ. ಒಪ್ಪಿದ್ದೇನೆ. ಒಂದು ಮಾತು ಮುಚ್ಚಿಡದೆ ಹೇಳಬೇಕು. ಅಪ್ಪ ನನಗೆ ಬಿ.ಎಡ್. ಮಾಡಿಸಬೇಕೆಂದಿದ್ದಾರೆ. ಎಂ.ಎ. ಸೆಮಿನಾರಿನಲ್ಲಿ ಎರಡನೆಯ ಪುಟಕ್ಕೆ ನನ್ನ ದನಿ ನಿಂತುಹೋಗಿ, ಉಳಿದದ್ದನ್ನು ನಮ್ಮ ಸರ್ ಓದಿದ್ದರು. ಅಂಥವಳು ನಲವತ್ತು ಮಕ್ಕಳ ಮುಂದೆ ಹೇಗೆ ನಿಲ್ಲಲಿ? ಅಪ್ಪ ಬೆಲ್ಲದ ಅಡತಿ ವ್ಯಾಪಾರಿ, ಕರಾರಿನ ಮನುಷ್ಯ. "ಜೂನ್ ಒಳಗ ನಿನ್ನ ಕೆಲಸ ಇನ್ನೊಬ್ರ ಮಶೀನಿನ ಮ್ಯಾಲೆ ನಿಂತಿದ್ದು ತೋರಸು. ಆಗ ಈ ಬಿ.ಎಡ್. ಮಾತ ತಗಿಯೂದಿಲ್ಲ. ಇಲ್ಲಾಂದ್ರ ಸುಮ್ಮನ ಹೋಗಬೇಕು ನೋಡು" ಎಂದಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ: ಜೂನ್ ಒಳಗೆ ಮುಗಿಯುವಂಥ ಕೆಲಸ ಏನಾದರೂ ಇದೆಯೇ?

ಭಕ್ತಿ


ಹುಕ್ಕೇರಿ
೨೪ ಫೆಬ್ರುವರಿ ೨೦೦೫

ಪ್ರೀತಿಯ ಭಕ್ತಿ,

ನೆನಪಿಲ್ಲದೆ ಏನು? ಮಶೀನು ತಪ್ಪು ತೋರಿಸಿದಾಗ ಉಳಿದವರೆಲ್ಲ "ಅಕ್ಕಾರ, ಇದು ಏನೋ ಅನ್ನಾಕತ್ತೈತಿ" ಎಂದು ಕೈ ಎತ್ತಿದರು. ನೀನೊಬ್ಬಳೇ ಅದು ಅಂದದ್ದನ್ನು ಅಕ್ಷರ ಬಿಡದೆ ಬರೆದುಕೊಂಡೆ. ಸಿಡಿ ಕಳಿಸಿದ್ದು ಅದಕ್ಕೇ.

ಜೂನಿನ ಕೆಲಸ ಇದೆ. ಕೌಜಲಗಿಯ ಹೈಸ್ಕೂಲಿನ ಅಣ್ಣಪ್ಪ ಮಾಸ್ತರರು ತಮ್ಮ ಎಂಟು ಮಶೀನುಗಳಿಗೆ ನಮ್ಮ ಘಟಪ್ರಭಾ ಹಾಕಿಸಿ, ಪ್ರಶ್ನೆಪತ್ರಿಕೆಗಳನ್ನು ಶಾಲೆಯಲ್ಲೇ ಕನ್ನಡದಲ್ಲಿ ಟೈಪ್ ಮಾಡಿ ಮುದ್ರಿಸಬೇಕೆಂದಿದ್ದಾರೆ. ಶಾಲೆಯ ಕಮಿಟಿಗೆ ನಂಬಿಕೆ ಸಾಲದು. ಜೂನಿನಲ್ಲಿ ನೋಡಿ, ಸರಿಯಾದರೆ ಇಟ್ಟುಕೊಳ್ಳುತ್ತಾರಂತೆ, ಇಲ್ಲವಾದರೆ ತೆಗೆಸುತ್ತಾರಂತೆ. ನಿಮ್ಮ ಅಪ್ಪನಿಗೆ ಬೇಕಾದ ಇನ್ನೊಬ್ಬರ ಮಶೀನು ಇದೇ ಆಗಲಿ.

ತೊಂದರೆ ಏನೆಂದರೆ, ಈಗಿನ ಸಿಡಿಯಲ್ಲಿ ಕನ್ನಡದ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಅಕ್ಷರ ಜೋಡಿಸಿ ತೋರಿಸುವ, ಉಳಿದ ಪ್ರೋಗ್ರಾಮುಗಳೆಲ್ಲ ಎರವಲು ಪಡೆಯುವ ಕೋಡಿಗೆ ಲೈಬ್ರರಿ ಎನ್ನುತ್ತೇವಲ್ಲ, ಅದರ ಹೊಸ ಆವೃತ್ತಿ ಬಂದಿದೆ. ಅದರಲ್ಲಿ ಎಲ್ಲ ಸರಿ ಇದೆ. ಆದರೆ ಅದನ್ನು ಮಾತ್ರ ಬದಲಿಸಿದರೆ ಆಗುವುದಿಲ್ಲ. ಹಳೆಯ ಲೈಬ್ರರಿಯನ್ನು ಹಿಡಿದು ಕಟ್ಟಿದ ಪ್ಯಾಕೇಜುಗಳು ಅದನ್ನೇ ಹುಡುಕುತ್ತವೆ. ಸಿಗದಿದ್ದರೆ ಏಳುವುದೇ ಇಲ್ಲ. ಅವುಗಳ ಮೂಲ ಕೋಡಿನಲ್ಲಿ ಒಂದಕ್ಷರವನ್ನೂ ತಿದ್ದಬೇಕಿಲ್ಲ, ಹೊಸದನ್ನು ಎದುರಿಗಿಟ್ಟುಕೊಂಡು ಮತ್ತೊಮ್ಮೆ ಕಟ್ಟಬೇಕು ಅಷ್ಟೆ. ಮೊದಲು ಲೈಬ್ರರಿ, ಆಮೇಲೆ ಅದರ ಮೇಲೆ ನಿಂತವು. ಕ್ರಮ ತಪ್ಪಬಾರದು.

ಇನ್ನೊಂದು. ನಿನ್ನ ದಿನದ ಬಳಕೆಯ ಮಶೀನಿನ ಮೇಲೆ ಕಟ್ಟಬೇಡ. ಅಲ್ಲಿ ಏನೇನೋ ಬಿದ್ದಿರುತ್ತದೆ, ಕೇಳದೆಯೇ ಒಳಗೆ ಸೇರಿಕೊಳ್ಳುತ್ತದೆ. ಡಿಸ್ಕಿನಲ್ಲೇ ಒಂದು ಖಾಲಿ ಕೋಣೆ ಮಾಡಿಕೊ. ಪ್ರತಿ ಪ್ಯಾಕೇಜಿಗೂ ಸ್ಪೆಕ್ ಎಂಬ ಫೈಲಿದೆಯಲ್ಲ, ಅದರಲ್ಲಿ ಕಟ್ಟಲು ಏನೇನು ಬೇಕೆಂದು ಬರೆದಿರುತ್ತದೆ. ಅಷ್ಟನ್ನೇ ಆ ಕೋಣೆಯೊಳಗೆ ಬಿಡು.

ಹೆಚ್ಚು ಬರೆಯಲಾಗುತ್ತಿಲ್ಲ. ಈಚೆಗೆ ಕೆಲಸದ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತಲ್ಲೇ ನಿದ್ದೆ ಎಳೆಯುತ್ತದೆ. ನಮ್ಮೆಜಮಾನರು, ಹೊಳೆಪ್ಪ, ಕುರಿ ಹೊಡೆದುಕೊಂಡು ಊರು ಬಿಟ್ಟರೆ ತಿಂಗಳುಗಟ್ಟಲೆ ಬರದವರು, ಈ ವರ್ಷ ಇಲ್ಲೇ ಸುತ್ತಮುತ್ತ ಮೇಯಿಸುತ್ತಿದ್ದಾರೆ. ಹೀಗಾಗಿ ಮನೆಯಲ್ಲಿ ಸದಾ ಉಣ್ಣೆಯ ವಾಸನೆ, ಸದಾ ಮಾತು.

ನಿನ್ನ
ಸುವರ್ಣಾ


ಮೂಡಲಗಿ
೧೦ ಮಾರ್ಚ್ ೨೦೦೫

ಪ್ರಿಯ ಸುವರ್ಣಕ್ಕ,

ಖಾಲಿ ಕೋಣೆ ಸಿದ್ಧವಾಗಿದೆ. ಲೈಬ್ರರಿ ಕಟ್ಟಿದೆ. ನಮ್ಮಲ್ಲಿ ಕರೆಂಟು ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ ತೆಗೆಯುತ್ತಾರೆ. ಅದನ್ನು ನೋಡಿಕೊಂಡು ಹಚ್ಚಿದೆ. ತೆರೆಯ ಮೇಲೆ ಸಾಲುಗಳು ಮೇಲೇರುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಯಶ, "ಸೀರಿಯಲ್ ನೋಡಿಧಂಗ ನೋಡಾಕತ್ತಾಳ" ಎಂದು ಎಲ್ಲರೆದುರು ಅಂದ. ಹೌದು, ಹಾಗೇ.

ಈಗ ಒಂದು ಪ್ರಶ್ನೆ. ಲೈಬ್ರರಿಯ ಮೇಲೆ ನಿಂತದ್ದನ್ನು ಮತ್ತೆ ಕಟ್ಟಬೇಕು, ಸರಿ. ಅದರ ಮೇಲೆ ನಿಂತದ್ದು? ಅದರ ಮೇಲಿನದು? ಉದಾಹರಣೆಗೆ ನಾವು ಪತ್ರ, ಪ್ರಶ್ನೆಪತ್ರಿಕೆ ಟೈಪ್ ಮಾಡುವ ಪ್ರೋಗ್ರಾಮ್. ಅದು ನಿಂತಿರುವುದು ತೆರೆಯ ಮೇಲಿನ ಕಿಟಕಿ, ಗುಂಡಿಗಳನ್ನು ತೋರಿಸುವ ಲೈಬ್ರರಿಯ ಮೇಲೆ. ಆ ಲೈಬ್ರರಿ ನಿಂತಿರುವುದು ಅಕ್ಷರದ ಲೈಬ್ರರಿಯ ಮೇಲೆ. ಎಲ್ಲಿಗೆ ನಿಲ್ಲಿಸಬೇಕು?

ಇದನ್ನೇ ಯೋಚಿಸುತ್ತಿದ್ದಾಗ ಮನೆಯಲ್ಲಿ ಒಂದು ಪ್ರಸಂಗವಾಯಿತು. ಊರಿಗೆ ಮುನಿಗಳು ಬಂದಿದ್ದಾರೆ. ಅವರ ಆಹಾರಕ್ಕೆ ನಮ್ಮಲ್ಲೂ ಚೌಕಾ ಹಾಕಿದ್ದರು. ಚೌಕಾ ಎಂದರೆ ನಮ್ಮಲ್ಲಿ ಮುನಿಗಳಿಗೆಂದೇ ಮಡಿಯಲ್ಲಿ ಹೂಡುವ ಬೇರೆ ಅಡಿಗೆಮನೆ. ನೀರು ಸೋಸಿ ಕಾಯಿಸಿದ್ದು, ಹಿಟ್ಟು ಮನೆಯಲ್ಲೇ ಬೀಸಿದ್ದು. ನಾನು ಅವತ್ತು ಕರೆಂಟಿಗಾಗಿ ಬೆಳಿಗ್ಗೆಯೇ ಕ್ಲಾಸಿಗೆ ಹೋಗಿ ಬಂದವಳೇ, ತಲೆಯಲ್ಲಿ ಇದೇ ತುಂಬಿಕೊಂಡು, ದಾರಿಗೆ ಅಡ್ಡವಿದ್ದ ತಂಬಿಗೆಯನ್ನು ಎತ್ತಿ ಬದಿಗಿಟ್ಟೆ. ನಮ್ಮ ಆಯಿ, ಅಪ್ಪನ ತಾಯಿ ಜಿನ್ನವ್ವ, ಬಾಗಿಲಲ್ಲೇ ಕೂತಿದ್ದಳು.

"ಮುಟ್ಟಿದ್ಯಾ?"

"ಬರೇ ತಂಬಗಿ, ಆಯಿ."

"ತಂಬಗಿ ಕೊಡಾ ಮುಟ್ಟೇತಿ, ಕೊಡಾ ನೀರ ಮುಟ್ಟೇತಿ, ನೀರ ಹಿಟ್ಟ ಮುಟ್ಟೇತಿ. ಇನ್ನೇನ ಉಳೀತು? ಎಲ್ಲಾ ಮತ್ತ."

ಅವ್ವ, ಚಿಕ್ಕಪ್ಪನ ಹೆಂಡತಿ ಕಾಕು ಇಬ್ಬರೂ ಸೀರೆ ಬದಲಿಸಿ, ನೀರಿನಿಂದ ಶುರುಮಾಡಿ ಎಲ್ಲವನ್ನೂ ಮತ್ತೆ ಮಾಡಿದರು. ಮುನಿಗಳ ಹೊತ್ತಿಗೆ ಸಿದ್ಧವಾಯಿತು. ಆಯಿ ಆಮೇಲೆ ನನ್ನನ್ನು ಕರೆದು, "ಕಂಪೂಟರಿಗೂ ಮಡಿ ಮೈಲಿಗಿ ಇರತೈತೇನ?" ಎಂದು ಕೇಳಿ ತಾನೇ ನಕ್ಕಳು.

ಇರುತ್ತದೆ ಎನ್ನಿಸುತ್ತಿದೆ ನನಗೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಭಕ್ತಿ


ಹುಕ್ಕೇರಿ
೧೬ ಮಾರ್ಚ್ ೨೦೦೫

ಭಕ್ತಿ,

ಮತ್ತೆ ಕಟ್ಟಬೇಕಾದವುಗಳ ಹೆಸರನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಹನ್ನೊಂದಿವೆ. ಇಷ್ಟು ಸಾಕು, ಉಳಿದದ್ದನ್ನು ಮುಟ್ಟಬೇಡ. ಮುಗಿದ ಮೇಲೆ ಒಂದು ಸಿಡಿ ನನಗೆ, ಒಂದು ನೇರವಾಗಿ ಕೌಜಲಗಿಗೆ. ನನ್ನನ್ನು ಕಾಯಬೇಡ.

ಅವಸರದಲ್ಲಿದ್ದೇನೆ.

ಸುವರ್ಣಾ


ಮೂಡಲಗಿ
೯ ಏಪ್ರಿಲ್ ೨೦೦೫

ಗೌರವಾನ್ವಿತ ಸುವರ್ಣಾ ಅವರಿಗೆ,

ನಿಮ್ಮ ಪತ್ರ ತಲುಪಿತು. ನೀವು ಬರೆದ ಹನ್ನೊಂದು ಪ್ಯಾಕೇಜುಗಳನ್ನು ಮತ್ತೆ ಕಟ್ಟಿದ್ದೇನೆ. ನಾಲ್ಕು ದಿನದ ಕೆಲಸವೂ ಆಗಲಿಲ್ಲ.

ಟೈಪ್ ಮಾಡುವ ಪ್ರೋಗ್ರಾಮಿನ ಹೆಸರು ನಿಮ್ಮ ಪುಟದಲ್ಲಿ ಇರಲಿಲ್ಲ. ಶಾಲೆಗೆ ಮುಖ್ಯವಾದದ್ದು ಅದೇ ಅಲ್ಲವೇ? ಹೊಸಬಳ ಕೈಗೆ ಅದನ್ನು ಕೊಡುವುದು ಬೇಡವೆಂದು ನಿಮಗೆ ಅನ್ನಿಸಿದ್ದರೆ ತಪ್ಪಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಕೆಳಗಿನದು ಹೊಸದಾಗಿದೆ, ಮೇಲಿನದು ಹಳೆಯದು, ಹಾಗೇ ಬಿಟ್ಟರೆ ಕೆಲಸ ಅರ್ಧವಾದಂತೆ. ಆದ್ದರಿಂದ ಅದರ ಮೇಲೆ ನಿಂತದ್ದನ್ನೂ, ಅದರ ಮೇಲೆ ನಿಂತದ್ದನ್ನೂ, ಒಂದೊಂದಾಗಿ ಎಲ್ಲವನ್ನೂ ಮತ್ತೆ ಕಟ್ಟಿದೆ. ಒಂದೊಂದು ಸಲವೂ ಕೋಣೆಯನ್ನು ಪೂರ್ತಿ ಖಾಲಿ ಮಾಡಿ, ಸ್ಪೆಕ್‌ನಲ್ಲಿ ಬರೆದಷ್ಟನ್ನೇ ಒಳಗೆ ತಂದೆ. ಚೌಕಾದಲ್ಲೂ ಇಷ್ಟು ಶುದ್ಧ ಇರಲಿಕ್ಕಿಲ್ಲ. ಯಾವುದೂ ತಕರಾರು ಮಾಡಲಿಲ್ಲ, ಟೈಪ್ ಮಾಡುವ ಪ್ರೋಗ್ರಾಮ್ ಕೂಡ.

ಕರೆಂಟು ಹೋದಾಗ ನಡುವೆ ನಿಂತದ್ದನ್ನು ಮೊದಲಿನಿಂದ ಹಚ್ಚಬೇಕಾಯಿತು. ಯಶ ಎರಡು ಮಶೀನು ಬಿಟ್ಟುಕೊಟ್ಟ. ಕ್ಲಾಸಿಗೆ ಬರುವವರಿಗೆ, "ಅದಕ್ಕ ಕೈ ಹಚ್ಚಬ್ಯಾಡ್ರಿ, ನಮ್ಮ ತಂಗಿ ಅಡಿಗಿ ಒಲಿ ಮ್ಯಾಲೈತಿ" ಎಂದು ಹೇಳುತ್ತಿದ್ದ.

ನೀವು ಹೇಳಿದಂತೆ ಒಂದು ಸಿಡಿ ನಿಮಗೆ ಕಳಿಸಿದ್ದೇನೆ, ಇನ್ನೊಂದು ಕೌಜಲಗಿಗೆ. ನೋಡಿ ತಿಳಿಸಬೇಕು.

ತಮ್ಮ ವಿಶ್ವಾಸಿ
ಭಕ್ತಿ


ಮೂಡಲಗಿ
೬ ಮೇ ೨೦೦೫

ಸುವರ್ಣಕ್ಕನವರಿಗೆ,

ಸಿಡಿ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ರಾಜಪ್ಪನವರು ಹುಕ್ಕೇರಿ ಬಸ್ಸಿಗೆ ತಾವೇ ಕೊಟ್ಟೆ ಎನ್ನುತ್ತಾರೆ. ಯಶನ ಫೋನ್ ಲೈನಿನಲ್ಲಿ ಇಂಟರ್ನೆಟ್ ಎರಡು ನಿಮಿಷಕ್ಕೆ ಕಡಿಯುತ್ತದೆ, ಆದರೂ ಮೇಲ್ ಕಳಿಸಿದ್ದೆ. ಉತ್ತರ ಬರಲಿಲ್ಲ. ನಿನ್ನೆ ನಿಮ್ಮ ಲ್ಯಾಬಿಗೆ ಫೋನೂ ಮಾಡಿದೆ. ಯಾರೋ ಗಂಡಸರು ಎತ್ತಿ "ಯಾರ್ರಿ? ಏನಾಗಬೇಕಾಗಿತ್ರಿ?" ಎಂದರು. ನಾನು ಹೆಸರೂ ಹೇಳದೆ ಫೋನ್ ಇಟ್ಟುಬಿಟ್ಟೆ. ಅವರಿಗೆ ನನ್ನ ಪರವಾಗಿ ಕ್ಷಮೆ ಕೇಳಿ.

ನನ್ನ ಹಿಂದಿನ ಪತ್ರದ ಧಾಟಿ ಸರಿಯಿರಲಿಲ್ಲ. ಅದನ್ನು ಅಂಚೆ ಡಬ್ಬಿಗೆ ಹಾಕಿ ಮನೆಗೆ ಬರುವಷ್ಟರಲ್ಲೇ ನನಗೆ ಗೊತ್ತಾಗಿತ್ತು. ಮುಟ್ಟಬೇಡ ಎಂದದ್ದನ್ನು ಮುಟ್ಟಿದ್ದಕ್ಕೆ ನಿಮಗೆ ಸಿಟ್ಟು ಬಂದಿದ್ದರೆ ಬೈದು ಬರೆಯಿರಿ. ಬರೆಯದೆ ಇರಬೇಡಿ.

ಒಳ್ಳೆಯ ಸುದ್ದಿಯೂ ಇದೆ. ಅಣ್ಣಪ್ಪ ಮಾಸ್ತರರು ರಜೆಯಲ್ಲೇ ಒಂದು ಮಶೀನಿಗೆ ಹಾಕಿ ನೋಡಿದರಂತೆ. ಒತ್ತಕ್ಷರಗಳು ಅಚ್ಚಿನ ಪುಸ್ತಕದಲ್ಲಿದ್ದಂತೆ ಕಾಣುತ್ತವಂತೆ. ಅಪ್ಪ ಅಂಗಡಿಗೆ ಬಂದ ಮಸಗುಪ್ಪಿಯ ರೈತರೊಬ್ಬರಿಗೆ, "ಕೌಜಲಗಿ ಸಾಲ್ಯಾಗ ನಮ್ಮ ಹುಡುಗೀದ ಕಂಪ್ಯೂಟರ್ ಹಾಕ್ಯಾರ" ಎಂದದ್ದು ನನ್ನ ಕಿವಿಗೆ ಬಿತ್ತು. ಕಂಪ್ಯೂಟರ್ ನನ್ನದಲ್ಲ ಎಂದು ತಿದ್ದಲು ಹೋಗಲಿಲ್ಲ.

ಭಕ್ತಿ


ಮೂಡಲಗಿ
೨೧ ಮೇ ೨೦೦೫

ಸುವರ್ಣಕ್ಕ,

ಕೆಲಸ ಕೆಟ್ಟಿದೆ.

ನಿನ್ನೆ ಅಣ್ಣಪ್ಪ ಮಾಸ್ತರರು ಮೂಡಲಗಿಗೆ ಬಂದವರು ನೇರವಾಗಿ ಅಪ್ಪನ ಅಂಗಡಿಗೇ ಬಂದರು. ನಾನು ಒಳಗೆ ಅಪ್ಪನ ಊಟದ ಡಬ್ಬಿ ಬಿಚ್ಚುತ್ತಿದ್ದೆ.

"ಅಕ್ಷರ ಭಾಳ ಚಲೋ ಬಂದಾವ್ರಿ ಬಾಹುಬಲಿಯವರ" ಎಂದರು ಅಪ್ಪನಿಗೆ. "ಖರೆ, ತೆರಿ ಮ್ಯಾಲಿಂದ ಕೆಳಗ ಇಳಿಯಾಕ ಒಲ್ಲವು. ಮೊದಲಿನ ಸಿಡ್ಯಾಗ ಕಾಗದದ ಮ್ಯಾಲೆ ಬರತಿದ್ವು, ಸೊಟ್ಟ ಬರತಿದ್ವು. ಈಗ ನೆಟ್ಟಗಾಗ್ಯಾವ, ಬರವಲ್ವು. ಮಕ್ಕಳನ್ನ ಎಲ್ಲಾರನೂ ತೆರಿ ಮುಂದ ಕುಂಡ್ರಿಸಿ ಪರೀಕ್ಷಾ ಬರಸಾಕ ಆಗೂದಿಲ್ಲಲ್ರಿ."

ಅಪ್ಪ ನಕ್ಕರು. ಆಮೇಲೆ ನನ್ನ ಕಡೆ ನೋಡಿದರು. ಆಗ ನಗುತ್ತಿರಲಿಲ್ಲ.

ಕ್ಲಾಸಿಗೆ ಹೋಗಿ ನೋಡಿದೆ. ನಿಜ. ನಾನು ಕಟ್ಟಿದ ಟೈಪಿಂಗ್ ಪ್ರೋಗ್ರಾಮಿನಲ್ಲಿ ಮುದ್ರಿಸುವ ಆಯ್ಕೆಯೇ ಇಲ್ಲ. ಹಾಳಾಗಿಲ್ಲ, ತಪ್ಪು ತೋರಿಸುತ್ತಿಲ್ಲ. ಇರಬೇಕಾದ ಜಾಗದಲ್ಲಿ ಇಲ್ಲವೇ ಇಲ್ಲ. ನಾನು ಏನನ್ನೂ ತೆಗೆದಿಲ್ಲ, ಸುವರ್ಣಕ್ಕ. ಒಂದಕ್ಷರ ತಿದ್ದಿಲ್ಲ. ಅಷ್ಟು ಶುದ್ಧವಾಗಿ ಕಟ್ಟಿದ್ದರಲ್ಲಿ ಇದು ಹೇಗೆ ಬಿಟ್ಟುಹೋಯಿತೆಂದು ತಿಳಿಯುತ್ತಿಲ್ಲ.

ಕಮಿಟಿಯವರು ಸೇರುವುದು ಜೂನ್ ಹನ್ನೊಂದಕ್ಕೆ. ಅಷ್ಟರಲ್ಲಿ ಮುದ್ರಣವಾಗದಿದ್ದರೆ ತೆಗೆಸುತ್ತಾರೆ. ಅಪ್ಪ ಬೈಯಲಿಲ್ಲ. ಬಿ.ಎಡ್. ಅರ್ಜಿಯನ್ನು ನನ್ನ ಮೇಜಿನ ಮೇಲಿಟ್ಟು, ಗಾಳಿಗೆ ಹಾರದಿರಲೆಂದು ಅದರ ಮೇಲೆ ಬೆಲ್ಲದ ಒಂದು ಹೆಂಟೆ ಇಟ್ಟು ಹೋಗಿದ್ದಾರೆ.

ನಿಮಗೆ ನನ್ನ ಮೇಲೆ ಸಿಟ್ಟಿದೆ ಎಂದು ಗೊತ್ತು. ಅದನ್ನು ಜೂನ್ ಹನ್ನೆರಡರಿಂದ ಮುಂದುವರಿಸಿ. ಅಲ್ಲಿಯವರೆಗೆ ದಾರಿ ಹೇಳಿ.

ಭಕ್ತಿ


ತವರುಮನೆ, ಹುಕ್ಕೇರಿ ತಾಲ್ಲೂಕು
೩೦ ಮೇ ೨೦೦೫

ಹುಚ್ಚಿ,

ಸಿಟ್ಟೂ ಇಲ್ಲ, ಏನೂ ಇಲ್ಲ. ಮೇ ಹದಿನಾಲ್ಕಕ್ಕೆ ನನಗೆ ಹೆಣ್ಣು ಮಗು ಹುಟ್ಟಿದೆ. ಏಪ್ರಿಲ್ ಮೊದಲ ವಾರವೇ ರಜೆ ಹಾಕಿ ತವರಿಗೆ ಬಂದೆ. ಗೋಕಾಕದಲ್ಲಿ ನಾನು ಶಾಲು ಹೊದ್ದು ಕೂತದ್ದು ಧೈರ್ಯಕ್ಕಲ್ಲ ಮಾರಾಯ್ತಿ, ನಿಂತರೆ ಸೊಂಟ ಹಿಡಿಯುತ್ತಿತ್ತು. ಹಿಂದೆ ಎರಡು ಸಲ ಕಳೆದುಕೊಂಡಿದ್ದೆ. ಈ ಸಲ ಕೈಗೆ ಬರುವವರೆಗೆ ಯಾರಿಗೂ ಹೇಳುವುದಿಲ್ಲ ಎಂದುಕೊಂಡಿದ್ದೆ. ನಿನಗೂ ಹೇಳಲಿಲ್ಲ.

ನಿನ್ನ ಪತ್ರಗಳೆಲ್ಲ ಲ್ಯಾಬಿನಲ್ಲೇ ಬಿದ್ದಿದ್ದವು. ನಿನ್ನೆ ಹೊಳೆಪ್ಪ ಒಟ್ಟಿಗೆ ತಂದುಕೊಟ್ಟರು. ಮೇಲಿದ್ದದ್ದನ್ನು ಮೊದಲು ಒಡೆದೆ. ಹೀಗಾಗಿ ನನ್ನ ಪಾಲಿಗೆ ನೀನು ಮೊದಲು ಅತ್ತೆ, ಆಮೇಲೆ ಹೆದರಿದೆ, ಕಡೆಗೆ "ತಮ್ಮ ವಿಶ್ವಾಸಿ" ಎಂದು ಮೂಗು ಮುರಿದೆ. ನಗು ತಡೆಯಲಾಗಲಿಲ್ಲ, ಮಗುವಿಗೆ ಎಚ್ಚರವಾಯಿತು. ನಮ್ಮವ್ವ ಸತ್ತೆವ್ವನ ಕಾವಲು ಜೋರಾಗಿದೆ. "ಬಾಣಂತಿ ಅಕ್ಷರ ನೋಡಿದರ ಕಣ್ಣ ಹೋಗ್ತಾವು" ಎನ್ನುತ್ತಾಳೆ. ಅವಳು ಕುಳ್ಳು ತಟ್ಟಲು ಹಿತ್ತಲಿಗೆ ಹೋದಾಗ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಇದ್ದರೆ ಲೈಬ್ರರಿಯ ದೋಷವಲ್ಲ.

ಮಾರ್ಚಿನಲ್ಲಿ ನೀನು ಕೇಳಿದ್ದಕ್ಕೆ ನಾನು ಕಾರಣ ಹೇಳದೆ ಹೆಸರುಗಳನ್ನಷ್ಟೇ ಬರೆದೆ. ಈಗ ಹೇಳುತ್ತೇನೆ. ಸಂಜೆ ಕುರಿಗಳು ಹಟ್ಟಿಗೆ ಬಂದಾಗ ಮರಿಗಳನ್ನು ಬಿಡುತ್ತೇವೆ. ನೂರು ಕುರಿಯೊಳಗೂ ಮರಿ ತನ್ನ ತಾಯಿಗೇ ಹೋಗುತ್ತದೆ. ಒಂದು ಕುರಿಯನ್ನು ಬೇರೆ ಹಿಂಡಿಗೆ ಹೊಡೆದರೆ ಅದರ ಹಾಲು ಕುಡಿಯುವ ಮರಿಯನ್ನು ಜೊತೆಗೆ ಕಳಿಸಬೇಕು. ಅದರ ಮೈಗೆ ಮೈ ತಾಗಿಸಿ ಮಲಗಿದ್ದವನ್ನೆಲ್ಲ ಕಳಿಸಬೇಕಿಲ್ಲ. ಅಕ್ಷರದ ಲೈಬ್ರರಿಯ ಹೆಸರನ್ನು ನೇರವಾಗಿ ಹಿಡಿದವು ಹನ್ನೊಂದು. ಟೈಪಿಂಗ್ ಪ್ರೋಗ್ರಾಮ್ ಹಿಡಿದಿರುವುದು ಕಿಟಕಿಯ ಲೈಬ್ರರಿಯನ್ನು. ಅದು ಹೊಸದಾಗಿ ಕಟ್ಟಿದರೂ ತನ್ನ ಹೆಸರು ಬದಲಿಸಲಿಲ್ಲ, ಮಾತು ಬದಲಿಸಲಿಲ್ಲ. ಹಾಗಾಗಿ ಮೇಲಿನದಕ್ಕೆ ಏನೂ ತಿಳಿಯಬೇಕಿರಲಿಲ್ಲ. ಅದನ್ನು ಬಿಡು ಎಂದದ್ದು ಅದಕ್ಕೆ, ನಿನ್ನ ಕೈಗೆ ಹೆದರಿ ಅಲ್ಲ.

ಇನ್ನು ಮುದ್ರಣ ಎಲ್ಲಿಗೆ ಹೋಯಿತು? ಆ ಪ್ರೋಗ್ರಾಮ್ ತನ್ನನ್ನು ಕಟ್ಟುವಾಗ ಕೋಣೆಯಲ್ಲಿ ಮುದ್ರಣದ ಲೈಬ್ರರಿ ಇದೆಯೇ ಎಂದು ಇಣುಕಿ ನೋಡುತ್ತದೆ. ಇದ್ದರೆ ಮುದ್ರಣ ಸೇರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ, ತಕರಾರು ಮಾಡುವುದಿಲ್ಲ. ಸ್ಪೆಕ್‌ನಲ್ಲಿ ಅದು ಬೇಕೆಂದು ಬರೆದಿಲ್ಲ. ಆ ಸ್ಪೆಕ್ ಬರೆದವಳು ನಾನೇ. ನಿನಗೆ ಖಾಲಿ ಕೋಣೆಯ ಪಾಠ ಹೇಳಿದೆನಲ್ಲ, ನಾನು ಅದನ್ನು ಕಟ್ಟಿದ್ದು ಲ್ಯಾಬಿನ ಮಶೀನಿನ ಮೇಲೆಯೇ. ಅಲ್ಲಿ ಮುದ್ರಣದ ಲೈಬ್ರರಿ ಮೊದಲೇ ಬಿದ್ದಿತ್ತು, ಬರೆಯಬೇಕೆಂದೇ ಹೊಳೆಯಲಿಲ್ಲ. ನಿನ್ನ ಅತಿ ಶುದ್ಧ ನನ್ನ ಅರ್ಧ ಶುದ್ಧವನ್ನು ಹೊರಗೆ ಹಾಕಿತು.

ಎರಡು ದಾರಿಗಳಿವೆ. ಹಳೆಯ ಡಬ್ಬಿಯನ್ನೇ ತಿರುಗಿ ಹಾಕಿದರೆ ಇವತ್ತೇ ಮುದ್ರಣವಾಗುತ್ತದೆ. ಅಥವಾ ಸ್ಪೆಕ್ ತಿದ್ದಿ ಮತ್ತೆ ಕಟ್ಟಬೇಕು. ಎರಡರಲ್ಲಿ ಯಾವುದೆಂದು ನಾನು ಹೇಳುವುದಿಲ್ಲ. ಮೂರು ತಿಂಗಳು ಅವ್ವ ನನ್ನನ್ನು ಮಶೀನಿನ ಮುಂದೆ ಕೂರಲು ಬಿಡುವುದಿಲ್ಲ. ಹೊಳೆಪ್ಪ ಈ ಪತ್ರದ ಜೊತೆ ಘಟಪ್ರಭಾದ ಎಲ್ಲ ಮೂಲಗಳ ಸಿಡಿ, ಪಾಸ್‌ವರ್ಡ್ ಇರುವ ಲಕೋಟೆ ಎರಡನ್ನೂ ತಾವೇ ಬಂದು ಕೊಡುತ್ತಾರೆ. ಅಲ್ಲಿಯವರೆಗೆ ಘಟಪ್ರಭಾ ನಿನ್ನದು.

ಅವ್ವ ಬಂದಳು.

ಸುವರ್ಣಾ


ಮೂಡಲಗಿ
೧೫ ಜೂನ್ ೨೦೦೫

ಪ್ರೀತಿಯ ಸುವರ್ಣಕ್ಕ,

ಈ ಪತ್ರವನ್ನು ಕದ್ದು ಓದಬೇಡಿ. ಸತ್ತೆವ್ವ ಅಮ್ಮನವರಿಗೆ ಹೇಳಿ, ಹೊಳೆಪ್ಪಣ್ಣನಿಂದ ಓದಿಸಿಕೊಳ್ಳಿ. ಅವರು ಬಂದ ದಿನ ನಮ್ಮ ಆಯಿ ಅವರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮಗುವಿನ ಬಣ್ಣ, ತೂಕ, ಕೂದಲು ಎಲ್ಲವನ್ನೂ ವಿಚಾರಿಸಿದಳು. "ಕುರಿಮರಿ ಹಂಗ ಐತ್ರಿ" ಎಂಬ ಒಂದೇ ಉತ್ತರ ಕೊಟ್ಟರು. ಬಾಣಂತಿಗೆಂದು ಡಿಂಕಿನ ಉಂಡಿ, ಅದೇ ಅಂಟಿನ ಉಂಡಿ, ಕಳಿಸಿದ್ದಾಳೆ. ದಿನಕ್ಕೊಂದರಂತೆ ತಿನ್ನಬೇಕಂತೆ.

ಸ್ಪೆಕ್ ತಿದ್ದಿದೆ. ಹಳೆಯ ಡಬ್ಬಿ ಹಾಕಿದ್ದರೆ ಈ ಸಲಕ್ಕೆ ನಡೆಯುತ್ತಿತ್ತು, ಮುಂದೆ ಯಾರಾದರೂ ಕಟ್ಟಿದಾಗ ಮತ್ತೆ ಹೀಗೇ ಆಗುತ್ತಿತ್ತು. ಒಂದು ಸಾಲು ಸೇರಿಸಿ, ಅದೇ ಖಾಲಿ ಕೋಣೆಯಲ್ಲಿ ಕಟ್ಟಿದೆ. ಮುದ್ರಿಸುವ ಆಯ್ಕೆ ತನ್ನ ಜಾಗಕ್ಕೆ ಬಂದು ಕೂತಿತು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ನಾನು ಬೇಕಿಲ್ಲದೆ ಕಟ್ಟಿದವು ಎಷ್ಟೊಂದಿವೆ. ಅವುಗಳಲ್ಲೂ ಸದ್ದಿಲ್ಲದೆ ಏನಾದರೂ ಬಿಟ್ಟುಹೋಗಿದ್ದರೆ? ಹಳೆಯ ಪ್ರತಿ, ಹೊಸ ಪ್ರತಿ ಎದುರುಬದುರು ಇಟ್ಟು ಪಾಠಾಂತರ ನೋಡುವುದು ನನಗೆ ಗೊತ್ತಿರುವ ಕೆಲಸ. ಒಂದೊಂದು ಡಬ್ಬಿ ತನಗೆ ಏನೇನು ಬೇಕೆಂದು ಕೇಳುತ್ತದೆ, ಹಳೆಯದು ಏನು ಕೇಳುತ್ತಿತ್ತು, ಎರಡನ್ನೂ ಹೋಲಿಸಿದೆ. ಚಿತ್ರ ನೋಡುವ ಪ್ರೋಗ್ರಾಮ್ ಒಂದು ಬಗೆಯ ಚಿತ್ರಗಳನ್ನು ಕಳೆದುಕೊಂಡಿತ್ತು. ಅದನ್ನೂ ಸರಿಮಾಡಿದೆ. ಉಳಿದವೆಲ್ಲ ನೆಟ್ಟಗಿದ್ದವು. ಅವನ್ನೂ ಇನ್ನೊಂದು ಸಲ ಕಟ್ಟಿಬಿಡಲೇ ಎಂದು ಕೈ ತುರಿಸಿತು. ಕೀಲಿಮಣೆ ಬಿಟ್ಟೆದ್ದು ಹೊರಗೆ ಹೋಗಿ ಬಂದೆ. ಬಿಟ್ಟಿದ್ದೇನೆ, ಮುಟ್ಟಿಲ್ಲ.

ಹನ್ನೊಂದಕ್ಕೆ ಕೌಜಲಗಿಗೆ ಹೋದೆ. ಅಪ್ಪ ಅಂಗಡಿಯನ್ನು ಯಶನಿಗೆ ಒಪ್ಪಿಸಿ ಜೊತೆಗೆ ಬಂದರು. ಕಮಿಟಿಯ ನಾಲ್ವರು, ಅಣ್ಣಪ್ಪ ಮಾಸ್ತರರು, ಎಲ್ಲರೂ ನನ್ನ ಬೆನ್ನ ಹಿಂದೆ ನಿಂತರು. ಎದುರಿಗೆ ನಿಂತಿದ್ದರೆ ಏನಾಗುತ್ತಿತ್ತೋ. ಬೆನ್ನ ಹಿಂದಿದ್ದದ್ದರಿಂದ ಮಶೀನನ್ನು ಮಾತ್ರ ನೋಡಿದೆ. ಎಂಟನೆಯ ಇಯತ್ತೆಯ ಕನ್ನಡ ಪ್ರಶ್ನೆಪತ್ರಿಕೆ ತೆರೆದು, ಮುದ್ರಿಸು ಎಂದು ಒತ್ತಿದೆ. ಪ್ರಿಂಟರ್ ಹಳೆಯದು. ಸ್ವಲ್ಪ ಹೊತ್ತು ಏನೂ ಮಾಡಲಿಲ್ಲ. ಆಮೇಲೆ ಕರಕರ ಎಂದು ಶುರುಮಾಡಿತು. ಕಾಗದ ಹೊರಗೆ ಬಂದಾಗ ಅಣ್ಣಪ್ಪ ಮಾಸ್ತರರು ಅದನ್ನು ಹರಿದು, ಕಿಟಕಿಯ ಹತ್ತಿರ ಒಯ್ದು ಮೇಲಿನಿಂದ ಕೆಳಗೆ ಓದಿದರು.

"ತಪ್ಪು ಐತಿ" ಎಂದರು.

ನಾನು ಕುರ್ಚಿಯಿಂದ ಎದ್ದೆ.

"ನಾಲ್ಕನೇ ಪ್ರಶ್ನಿ ಎರಡು ಸಲ ಹಾಕೇನಿ. ನನ್ನ ತಪ್ಪು. ನಿಮ್ಮದಲ್ಲ ತಂಗಿ."

ಕಮಿಟಿಯ ಶೆಟ್ಟೆಪ್ಪ ಎನ್ನುವ ಹಿರಿಯರೊಬ್ಬರು, ಆವರೆಗೆ ಗೋಡೆಗೆ ಒರಗಿದ್ದವರು, ಅಪ್ಪನ ಕಡೆ ತಿರುಗಿದರು. "ಇವತ್ತೇನೋ ಹೊಂಟೈತಿ. ನಾಳೆ ಮತ್ತ ಕೆಡತೈತಿ. ಅಷ್ಟರಾಗ ಈ ಹುಡುಗಿ ಮದವಿಯಾಗಿ ಹೋಗಿಬಿಟ್ಟರ ಯಾರನ್ನ ಕೇಳೂನ್ರಿ?"

ಅಪ್ಪ ಕಾಗದವನ್ನು ಮಾಸ್ತರರ ಕೈಯಿಂದ ತೆಗೆದುಕೊಂಡು, ಬೆಲ್ಲದ ಮಾದರಿ ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹೋದ ಮನ್ಯಾಗ ಕರೆಂಟ್ ಇರೂದಿಲ್ಲೇನ್ರಿ, ಶೆಟ್ಟೆಪ್ಪಾರ?"

ಎಲ್ಲರೂ ನಕ್ಕರು, ಶೆಟ್ಟೆಪ್ಪನವರೂ. ಉಳಿದ ಏಳು ಮಶೀನುಗಳಿಗೆ ಹಾಕಿ ಬರುವಷ್ಟರಲ್ಲಿ ಕಡೆಯ ಬಸ್ಸಿಗೆ ಓಡಬೇಕಾಯಿತು. ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಉಣ್ಣುವುದಂತೂ ಆಗಲಿಲ್ಲ. ನಮ್ಮಲ್ಲಿ ರಾತ್ರಿ ಉಣ್ಣುವಂತಿಲ್ಲ, ನಾವಿಬ್ಬರೂ ಉಪವಾಸ. ಬಸ್ಸಿನಲ್ಲಿ ಅಪ್ಪ ಹೊರಗೆ ಮಬ್ಬಿನಲ್ಲಿ ಕಬ್ಬನ್ನು ನೋಡುತ್ತಿದ್ದವರು, "ಅಂಗಡೀ ಮಶೀನಿಗೆ ಇದನ್ನ ಯಾವಾಗ ಹಾಕ್ತೀ?" ಎಂದರು.

"ಮಾಸ್ತರರದ ಇನ್ನೊಂದಿಷ್ಟು ಕೆಲಸ ಐತಿ, ಅಪ್ಪಾ. ಅದಾದ ಮ್ಯಾಲೆ ನಿಮ್ಮ ಪಾಳಿ."

"ಮನ್ಯಾನವರಿಗೂ ಪಾಳಿ?"

"ಎಲ್ಲಾರಿಗೂ."

"ಹೂಂ" ಎಂದು ಅವರು ಮತ್ತೆ ಕಬ್ಬಿನ ಕಡೆ ತಿರುಗಿದರು.

ಬಿ.ಎಡ್. ಅರ್ಜಿಗೆ ನಿನ್ನೆಯೇ ಕಡೆಯ ದಿನವಾಗಿತ್ತು. ಅದು ಇನ್ನೂ ತುಂಬದೆ ಬೆಲ್ಲದ ಹೆಂಟೆಯ ಕೆಳಗೇ ಇತ್ತು. ಅವತ್ತು ಬೆಳಿಗ್ಗೆ ಅಪ್ಪ ಅಂಗಡಿಗೆ ಹೊರಟವರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ ನಿಂತು ನನ್ನನ್ನು ನೋಡಿದರು. ನಾನೂ ಅವರನ್ನು ನೋಡಿದೆ. ಅವರು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂತರು.

"ಚಹಾ ಐತೇನು, ಇನ್ನೊಂದ ಕಪ್ಪು?"

ಇತ್ತು. ಕೊಟ್ಟೆ.

ನಿಮ್ಮ
ಭಕ್ತಿ